ನಾದ ನಡೆದು ಬರುವ ದಾರಿ

ಶರಣರ ಮನೆಗಳಲ್ಲಿ ದಿನವು ನಾದದಿಂದಲೇ ಮೊದಲಾಗುತ್ತದೆ. ಬೆಳಗಿನ ಇಷ್ಟಲಿಂಗ ಪೂಜೆಯ ಕಿರುಗಂಟೆ, ಬಾಗಿಲಿಗೆ ಬಂದು ನಿಂತ ಜಂಗಮರ ಕಾಲಿನ ಜಂಗು, ಶ್ರಾವಣದಲ್ಲಿ ಮಠದಿಂದ ತೇಲಿಬರುವ ವಚನಗಾಯನ, ಜಾತ್ರೆಯ ದಿನ ಓಣಿಯನ್ನೆಲ್ಲ ನಡುಗಿಸುವ ಕರಡಿಮಜಲು, ನಂದಿಕೋಲಿನ ಗೆಜ್ಜೆಗಳ ಝಣತ್ಕಾರ, ಇವುಗಳ ನಡುವೆಯೇ ನಾವೆಲ್ಲರೂ ಬೆಳೆದವರು. ಇಷ್ಟಾದರೂ ಈ ನಾದವು ಗಂಟೆಯಿಂದ ಹೊರಟು ನಮ್ಮ ಕಿವಿಯ ತನಕ ಹೇಗೆ ಬರುತ್ತದೆ, ದಾರಿಯಲ್ಲಿ ಅದಕ್ಕೆ ಏನೇನು ಒದಗುತ್ತದೆ ಎಂದು ಯೋಚಿಸಿದವರು ವಿರಳ. ಪ್ರೌಢಶಾಲೆಯಲ್ಲಿ ಮೂವತ್ನಾಲ್ಕು ವರ್ಷ ವಿಜ್ಞಾನ ಬೋಧಿಸಿದ ನಾವು ವರ್ಷಕ್ಕೊಮ್ಮೆ ‘ಶಬ್ದ’ ಎಂಬ ಪಾಠವನ್ನು ಮಕ್ಕಳಿಗೆ ಹೇಳುತ್ತಲೇ ಬಂದೆವು. ಆ ಪಾಠದ ನಿಜವಾದ ಅರ್ಥ ನಮಗೆ ಹೊಳೆದದ್ದು ಮಾತ್ರ ತಡವಾಗಿ. ಅದನ್ನು ಹೊಳೆಯಿಸಿದವನು ನಮ್ಮದೇ ತರಗತಿಯ ಕೊನೆಯ ಬೆಂಚಿನ ಒಬ್ಬ ಹುಡುಗ.

ಅವನ ನೆನಪು ಈಗ ಬರಲು ಕಾರಣವಾದದ್ದು ಕಳೆದ ಶ್ರಾವಣದ ಒಂದು ಸಂಜೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನಮ್ಮ ಮೊಮ್ಮಗಳು ಪೂಜೆ ಮುಗಿಸಿ ವಿಭೂತಿ ತಂದುಕೊಟ್ಟಳು. “ಇವತ್ತ ಗಂಟಿ ಯಾಕ ಬಾರಿಸಲಿಲ್ಲ ತಂಗಿ?” ಎಂದು ಕೇಳಿದೆವು. “ಬಾರಿಸೀನಲ್ಲ ಅಜ್ಜಾ! ನಿಮ್ಮ ಮಗ್ಗಲದಾಗ ನಿಂತ ಬಾರಿಸೀನಿ” ಎಂದಳು. ನಾವು ನಂಬದಿರಲು ಮತ್ತೊಮ್ಮೆ ಬಾರಿಸಿ ತೋರಿಸಿದಳು. ಗಂಟೆಯ ನಾಲಿಗೆ ಅತ್ತಿತ್ತ ಬಡಿಯುವುದು ಕಂಡಿತು. ಎಳೆಯ ದನಿಯೊಂದು ಬಲು ದೂರದಲ್ಲಿ ಕೇಳಿದಂತೆ ಆಯಿತೇ ಹೊರತು ಗಂಟೆಯ ಝಣಝಣವಿರಲಿಲ್ಲ. ಹುಡುಗಿ ಕ್ಷಣಹೊತ್ತು ನಮ್ಮ ಮುಖವನ್ನೇ ನೋಡಿ, “ಹಂಗಾದ್ರ ಸಪ್ಪಳ ಎಲ್ಲಿ ಹೋತು ಅಜ್ಜಾ?” ಎಂದು ಕೇಳಿದಳು. ಶಾಲೆಯಲ್ಲಿ ಆಗಷ್ಟೇ ಶಬ್ದದ ಪಾಠ ನಡೆದಿತ್ತಂತೆ. ಅವಳ ಪ್ರಶ್ನೆಗೆ ಉತ್ತರವನ್ನು ಅವಳಿಗೂ ಅವಳಂಥ ವಿದ್ಯಾರ್ಥಿ ಮಿತ್ರರಿಗೂ ಒಟ್ಟಿಗೆ ಹೇಳೋಣವೆಂದು ಈ ಬರಹಕ್ಕೆ ಕೈಹಾಕಿದ್ದೇವೆ.

ಮೊದಲನೆಯ ಮಾತು, ಅಲುಗದೆ ಸಪ್ಪಳವಿಲ್ಲ. ನಾಲಿಗೆಯು ಗಂಟೆಯ ಒಡಲಿಗೆ ತಗುಲಿದಾಗ ಕಂಚಿನ ಅಂಚು ಒಳಕ್ಕೂ ಹೊರಕ್ಕೂ ಅತಿ ಸೂಕ್ಷ್ಮವಾಗಿ, ಅತಿ ವೇಗವಾಗಿ ಓಲಾಡತೊಡಗುತ್ತದೆ. ಇದನ್ನೇ ಕಂಪನ ಎನ್ನುವೆವು. ಬಾರಿಸಿದ ಗಂಟೆಯ ಅಂಚಿಗೆ ಬೆರಳ ತುದಿಯನ್ನು ತಾಗಿಸಿ ನೋಡಿರಿ, ಜುಮ್ಮೆನ್ನುತ್ತದೆ; ಒತ್ತಿ ಹಿಡಿದರೆ ಕಂಪನ ನಿಂತು ಆ ಕ್ಷಣವೇ ನಾದವೂ ಅಡಗುತ್ತದೆ. ಕಂಚಿನ ಬಟ್ಟಲಿನಲ್ಲಿ ನೀರು ತುಂಬಿ ಅದರ ಅಂಚನ್ನು ಕಟ್ಟಿಗೆಯ ಸೌಟಿನಿಂದ ತಟ್ಟಿದರೆ ನೀರಿನ ಮೇಲೆ ಕಿರುತೆರೆಗಳು ಏಳುವುದನ್ನು ಕಣ್ಣಾರೆ ಕಾಣಬಹುದು. ಕೊರಳಿನ ಮೇಲೆ ಕೈಯಿಟ್ಟು ಮಾತನಾಡಿದರೆ ನಮ್ಮ ಗಂಟಲಿನಲ್ಲಿಯೂ ಇದೇ ಕೆಲಸ ನಡೆಯುವುದು ತಿಳಿಯುತ್ತದೆ. ಹದಿಮೂರನೆಯ ಶತಮಾನದ ನಮ್ಮ ವೈಯಾಕರಣಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಮಾತು ಹುಟ್ಟುವ ಬಗೆಯನ್ನು ಹೇಳುವಾಗ ನಾಭಿಮೂಲದ ವಾಯುವನ್ನು ನೆನೆದು ಕಹಳೆಯ ಹೋಲಿಕೆ ಕೊಟ್ಟಿರುವನು. ಉಸಿರಿನ ಗಾಳಿಯೇ ನುಡಿಯಾಗುವುದೆಂಬುದನ್ನು ಅವನು ಗುರುತಿಸಿದ್ದನು.

ಗಂಟೆ ಅಲ್ಲಿ ಅಲುಗಿದರೆ ಇಲ್ಲಿ ಕುಳಿತ ನಮಗೆ ತಿಳಿಯುವುದು ಹೇಗೆ? ಜಾತ್ರೆಯ ದಿನ ದಾಸೋಹದ ಮನೆಯ ಮುಂದೆ ಪ್ರಸಾದಕ್ಕೆಂದು ನಿಂತ ಉದ್ದನೆಯ ಸಾಲನ್ನು ನೆನೆಯಿರಿ. ತುದಿಯಲ್ಲಿ ನಿಂತವರೊಬ್ಬರು ಮುಂದಿನವರನ್ನು ನೂಕುತ್ತಾರೆ. ಅವರು ತಮ್ಮ ಮುಂದಿನವರ ಮೇಲೆ ವಾಲಿ ಮತ್ತೆ ನೆಟ್ಟಗಾಗುತ್ತಾರೆ. ಹೀಗೆ ಒಬ್ಬರಿಂದೊಬ್ಬರಿಗೆ ಆ ನೂಕು ಸಾಗಿ ಕಡೆಗೆ ಬಾಗಿಲಲ್ಲಿ ನಿಂತವರನ್ನು ತಟ್ಟುತ್ತದೆ. ಯಾರೂ ತಮ್ಮ ಜಾಗವನ್ನು ಬಿಟ್ಟು ಹೋಗಿಲ್ಲ, ನೂಕು ಮಾತ್ರ ಹೋಗಿದೆ. ಶಬ್ದವು ಗಾಳಿಯಲ್ಲಿ ನಡೆಯುವುದೂ ಹೀಗೆಯೇ. ಗಂಟೆಯ ಅಂಚು ಹೊರಕ್ಕೆ ಬಂದಾಗ ಎದುರಿನ ಗಾಳಿಯ ಕಣಗಳು ಒತ್ತೊತ್ತಾಗುತ್ತವೆ, ಇದು ಸಂಪೀಡನ. ಅಂಚು ಒಳಕ್ಕೆ ಸರಿದಾಗ ಅಲ್ಲಿ ಕಣಗಳು ವಿರಳವಾಗುತ್ತವೆ, ಇದು ವಿರಳನ. ಒತ್ತು, ಸಡಿಲು, ಮತ್ತೆ ಒತ್ತು, ಮತ್ತೆ ಸಡಿಲು ಎಂಬ ಈ ಸರಣಿಯೇ ಶಬ್ದತರಂಗ. ಕಣಗಳು ಅಲೆ ಸಾಗುವ ದಿಕ್ಕಿನಲ್ಲಿಯೇ ಹಿಂದೆ ಮುಂದೆ ಆಡುವುದರಿಂದ ಇದಕ್ಕೆ ನೀಳ ತರಂಗವೆಂದು ಹೆಸರು. ಸಾಮಾನ್ಯ ಮಾತುಕತೆಯಲ್ಲಿ ಗಾಳಿಯ ಕಣಗಳು ಆಡುವ ದೂರವು ಸುಮಾರು ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟೇ ಎಂದರೆ ಮಕ್ಕಳಿಗೆ ಆಶ್ಚರ್ಯವಾಗಬಹುದು. ಅಷ್ಟು ಅಲ್ಪವಾದ ಅಲುಗಾಟವನ್ನೂ ನಮ್ಮ ಕಿವಿ ಗ್ರಹಿಸಬಲ್ಲದು.

ನಮ್ಮ ನಾಡಿನ ನ್ಯಾಯ-ವೈಶೇಷಿಕ ದಾರ್ಶನಿಕರು ಶಬ್ದದ ನಡಿಗೆಗೆ ಎರಡು ಹೋಲಿಕೆಗಳನ್ನು ಹೇಳಿದ್ದರು. ಒಂದು ವೀಚೀತರಂಗ ನ್ಯಾಯ: ಕೊಳದಲ್ಲಿ ಒಂದು ತೆರೆ ಇನ್ನೊಂದು ತೆರೆಯನ್ನು ಎಬ್ಬಿಸುವಂತೆ ಒಂದು ಶಬ್ದವು ಮುಂದಿನ ಶಬ್ದವನ್ನು ಹುಟ್ಟಿಸುತ್ತ ಸಾಗುತ್ತದೆ. ಇನ್ನೊಂದು ಕದಂಬಮುಕುಲ ನ್ಯಾಯ: ಕದಂಬದ ಹೂವು ಎಲ್ಲ ದಿಕ್ಕಿಗೂ ಒಮ್ಮೆಗೇ ಅರಳುವಂತೆ ಶಬ್ದವು ಸುತ್ತಲೂ ಹರಡುತ್ತದೆ. ಕೊಳದ ತೆರೆಯು ನೀರಿನ ಮೇಲ್ಮೈಯಲ್ಲಷ್ಟೇ ಸಾಗುವುದರಿಂದ ಎರಡನೆಯ ಹೋಲಿಕೆಯೂ ಬೇಕಾಯಿತು. ಎರಡನ್ನೂ ಕೂಡಿಸಿದರೆ ಇಂದಿನ ಪಠ್ಯಪುಸ್ತಕದ ಚಿತ್ರವು ಬಹುಮಟ್ಟಿಗೆ ಸಿದ್ಧವಾಗುತ್ತದೆ. ಆದರೆ ಶಬ್ದವು ಆಕಾಶದ ಗುಣವೆಂದು ಅವರು ಎಣಿಸಿದ್ದರು. ಅದಕ್ಕೆ ಗಾಳಿಯಂಥ ಒಂದು ಮಾಧ್ಯಮ ಬೇಕೇಬೇಕೆಂಬುದನ್ನು ಪ್ರಯೋಗವೇ ತೋರಿಸಬೇಕಾಯಿತು. ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲನು ಗಾಜಿನ ಪಾತ್ರೆಯೊಳಗೆ ಗಡಿಯಾರವೊಂದನ್ನು ದಾರದಿಂದ ತೂಗುಬಿಟ್ಟು ಗಾಳಿಯನ್ನು ಹೊರಗೆಳೆದಂತೆ ಅದರ ಟಿಕ್ ಟಿಕ್ ಸಪ್ಪಳ ಕುಗ್ಗುತ್ತ ಹೋದುದನ್ನು ಕಂಡನು. 1660ರಲ್ಲಿ ಅವನು ಇದನ್ನು ಪ್ರಕಟಿಸಿದನು. ಸಾಲಿನಲ್ಲಿ ಜನರೇ ಇಲ್ಲದಿದ್ದರೆ ನೂಕು ಯಾರ ಕೈಯಿಂದ ಯಾರಿಗೆ ಸಾಗೀತು?

ಮಾಧ್ಯಮವು ಗಾಳಿಯೇ ಆಗಬೇಕೆಂದಿಲ್ಲ. ತರಗತಿಯಲ್ಲಿ ಉದ್ದನೆಯ ಬೆಂಚಿನ ಒಂದು ತುದಿಗೆ ಕಿವಿ ಹಚ್ಚಿ ಕುಳಿತು, ಇನ್ನೊಂದು ತುದಿಯನ್ನು ಗೆಳೆಯನಿಗೆ ಉಗುರಿನಿಂದ ಕೆರೆಯಲು ಹೇಳಿರಿ. ಗಾಳಿಯಲ್ಲಿ ಕೇಳದ ಸಪ್ಪಳ ಕಟ್ಟಿಗೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗಿದರೆ, ನೀರಿನಲ್ಲಿ ಸುಮಾರು 1,480 ಮೀಟರ್, ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು. ಘನವಸ್ತುವಿನ ಕಣಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ನೂಕು ಬೇಗ ದಾಟುತ್ತದೆ. ಬೆಂಚಿನ ಈ ಪ್ರಯೋಗವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಗಾಳಿಯಲ್ಲಿ ಶಬ್ದದ ವೇಗವನ್ನು ಅಳೆಯಲು ದೊಡ್ಡ ಉಪಕರಣವೇನೂ ಬೇಡ. ಹಳ್ಳದ ಆಚೆಯ ದಂಡೆಯಲ್ಲಿ ಬಟ್ಟೆ ಒಗೆಯುವವರನ್ನು ದೂರದಿಂದ ನೋಡಿದರೆ ಬಟ್ಟೆ ಕಲ್ಲಿಗೆ ಬೀಳುವುದು ಮೊದಲು ಕಾಣುತ್ತದೆ, ಸಪ್ಪಳ ಆಮೇಲೆ ಬರುತ್ತದೆ. ಮಿಂಚು ಕಂಡ ಬಳಿಕ ಗುಡುಗು ಕೇಳುವತನಕ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬ ಅಂದಾಜು ಸಿಗುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ವೇಗವು ಸುಮಾರು 0.6 ಮೀಟರಿನಷ್ಟು ಏರುವುದು. ನಮ್ಮ ವಿಜಯಪುರದ 40 ಡಿಗ್ರಿಯ ಬಿಸಿಲಿನಲ್ಲಿ ಅದು ಸೆಕೆಂಡಿಗೆ ಸುಮಾರು 355 ಮೀಟರ್ ಆಗುತ್ತದೆ. ಈ ವೇಗವನ್ನು ಲೆಕ್ಕದಿಂದಲೇ ಕಂಡುಹಿಡಿಯಲು ಹೊರಟ ಮಹಾಮತಿ ನ್ಯೂಟನ್ 1687ರ ತನ್ನ ಗ್ರಂಥದಲ್ಲಿ ಕೊಟ್ಟ ಉತ್ತರ ನಿಜಕ್ಕಿಂತ ಸಾಕಷ್ಟು ಕಡಿಮೆಯಿತ್ತು. ಗಾಳಿಯು ಒತ್ತಿದಾಗ ಬಿಸಿಯಾಗುತ್ತದೆ, ಸಡಿಲಿದಾಗ ತಣ್ಣಗಾಗುತ್ತದೆ ಎಂಬ ಅಂಶವನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. 1816ರಲ್ಲಿ ಫ್ರಾನ್ಸಿನ ಲಾಪ್ಲಾಸನು ಅದನ್ನು ತಿದ್ದಿದನು. ಕಣ್ಣಿಗೆ ಕಾಣದ ಒಂದು ಸಂಗತಿಯನ್ನು ಬಿಟ್ಟರೆ ದೊಡ್ಡವರ ತೀರ್ಮಾನವೂ ತಪ್ಪುತ್ತದೆಂದು ನಾವು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತಿದ್ದೆವು. ನಮ್ಮ ತೀರ್ಮಾನವೂ ಹಾಗೆ ತಪ್ಪೀತೆಂದು ಎಣಿಸಿರಲಿಲ್ಲ.

ಇನ್ನು ಶಬ್ದಗಳಲ್ಲಿಯ ಭೇದ. ಒಂದು ಸೆಕೆಂಡಿಗೆ ಎಷ್ಟು ಕಂಪನಗಳು ಎಂಬುದು ಆವೃತ್ತಿ. ಇದರ ಮಾನ ಹರ್ಟ್ಜ್. ಆವೃತ್ತಿ ಏರಿದಂತೆ ಸ್ವರವೂ ಏರುತ್ತದೆ. ಕಿರುಗಂಟೆ ಬೇಗಬೇಗ ಕಂಪಿಸುವುದರಿಂದ ಅದರ ದನಿ ಕೀರಲು, ದೊಡ್ಡ ಗಂಟೆ ಸಾವಕಾಶವಾಗಿ ಕಂಪಿಸುವುದರಿಂದ ಅದರ ದನಿ ಗಂಭೀರ. ಕಂಪನವು ಎಷ್ಟು ದೊಡ್ಡದು ಎಂಬುದು ಕಂಪನವಿಸ್ತಾರ. ಸಪ್ಪಳ ಗಟ್ಟಿಯೋ ಮೆಲುವೋ ಎಂಬುದನ್ನು ನಿರ್ಧರಿಸುವುದು ಅದು. ಒಂದು ಒತ್ತಿನಿಂದ ಮುಂದಿನ ಒತ್ತಿನವರೆಗಿನ ಅಂತರ ತರಂಗದೂರ. ಮನುಷ್ಯನ ಕಿವಿ ಸಾಮಾನ್ಯವಾಗಿ 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ ಕೇಳಬಲ್ಲದು. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ; ಅದರಂತೆ ನಾವು ಕೇಳುವ ಅತಿ ಕೆಳಗಿನ ಸ್ವರದ ಅಲೆ ಸುಮಾರು 17 ಮೀಟರ್ ಉದ್ದ, ಅತಿ ಮೇಲಿನದು ಸುಮಾರು 1.7 ಸೆಂಟಿಮೀಟರ್. ಮಾತಿನಲ್ಲಿಯೂ ಈ ಏರಿಳಿತವಿದೆ. ಅ, ಆ, ಓ ಮೊದಲಾದ ಸ್ವರಗಳ ಬಲವೆಲ್ಲ ಕೆಳಗಿನ ಆವೃತ್ತಿಗಳಲ್ಲಿ. ಸ, ಶ, ಚ ಮುಂತಾದ ವ್ಯಂಜನಗಳದು ಮೇಲಿನ ಆವೃತ್ತಿಗಳಲ್ಲಿ.

ಈಗ ಆ ಹುಡುಗನ ಮಾತಿಗೆ ಬರೋಣ. ನಲವತ್ತು ವರ್ಷಗಳಷ್ಟು ಹಿಂದಿನ ಮಾತು. ಶಬ್ದದ ಪಾಠಕ್ಕೆ ಗೋಲಗುಮ್ಮಟಕ್ಕಿಂತ ಮಿಗಿಲಾದ ಪ್ರಯೋಗಾಲಯ ಎಲ್ಲಿದೆಯೆಂದು ತರಗತಿಯ ಮಕ್ಕಳನ್ನೆಲ್ಲ ಆಗ ಬಿಜಾಪುರವೆಂದು ಕರೆಯುತ್ತಿದ್ದ ವಿಜಯಪುರಕ್ಕೆ ಕರೆದೊಯ್ದಿದ್ದೆವು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಗೋರಿಯ ಮೇಲೆ ಕಟ್ಟಿದ ಆ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಗುಮ್ಮಟದ ಬುಡದಲ್ಲಿ ಒಳಗೋಡೆಯ ಸುತ್ತ ಒಂದು ಮೊಗಸಾಲೆಯಿದೆ. ಮೂಲೆಯ ಗೋಪುರದ ಕಿರಿದಾದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿ ಅಲ್ಲಿಗೆ ಹೋಗಬೇಕು. ಒಮ್ಮೆ ಚಪ್ಪಾಳೆ ತಟ್ಟಿದರೆ ಸಪ್ಪಳ ಎದುರಿನ ಗೋಡೆಗೆ ಹೋಗಿ ಮರಳಲು 76 ಮೀಟರ್ ಸಾಗಬೇಕು. ಅದಕ್ಕೆ ಕಾಲು ಸೆಕೆಂಡಿಗಿಂತ ಕೊಂಚ ಕಡಿಮೆ ಸಮಯ ಸಾಕು. ಎರಡು ಸಪ್ಪಳಗಳ ನಡುವೆ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಅಂತರವಿದ್ದರೆ ಅವು ಕಿವಿಗೆ ಬೇರೆಬೇರೆಯಾಗಿ ಕೇಳುತ್ತವೆ. ಆದುದರಿಂದಲೇ ಅಲ್ಲಿ ಪ್ರತಿಧ್ವನಿ ಒಂದರ ಹಿಂದೊಂದು ಎಣಿಸುವಷ್ಟು ಸ್ಪಷ್ಟವಾಗಿ ಬರುತ್ತದೆ. ನುಣುಪಾದ ಗಟ್ಟಿಗೋಡೆ ಸಪ್ಪಳವನ್ನು ಹೀರದೆ ಹಿಂದಿರುಗಿಸುವುದರಿಂದ ಅದು ಮತ್ತೆ ಮತ್ತೆ ಮರಳುತ್ತದೆ.

ಇದಕ್ಕಿಂತಲೂ ಸೋಜಿಗದ್ದು ಪಿಸುಮಾತಿನ ಆಟ. ಗೋಡೆಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದರೆ ಎದುರಿನ ಬದಿಯಲ್ಲಿ ಗೋಡೆಗೆ ಕಿವಿಗೊಟ್ಟವರಿಗೆ ಅದು ಮಗ್ಗುಲಲ್ಲಿ ನುಡಿದಂತೆ ಕೇಳುತ್ತದೆ. ಬಾಗಿದ ಗೋಡೆಗುಂಟ ಸ್ವಲ್ಪ ಸ್ವಲ್ಪವೇ ತಿರುಗುತ್ತ ಅಲೆಯು ಗೋಡೆಯನ್ನು ಬಿಡದೆ ಅಪ್ಪಿಕೊಂಡು ಸಾಗುವುದೇ ಇದರ ಗುಟ್ಟು. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟದಲ್ಲಿ ಇದೇ ಸಂಗತಿಯನ್ನು ಲಾರ್ಡ್ ರ‍್ಯಾಲೆ ವಿವರಿಸಿದ್ದನು. 1921ರಲ್ಲಿ ಅಲ್ಲಿಗೆ ಹೋದ ನಮ್ಮ ಸಿ. ವಿ. ರಾಮನ್ನರು ತಾವೂ ಪರೀಕ್ಷಿಸಿ ನೋಡಿದರು. ಬಳಿಕ ನಮ್ಮ ಗೋಲಗುಮ್ಮಟವೂ ಅವರ ಅಧ್ಯಯನಕ್ಕೆ ವಸ್ತುವಾಯಿತು. ಮುಂದೆ ಬೆಂಗಳೂರನ್ನೇ ಮನೆಮಾಡಿಕೊಂಡ ಆ ವಿಜ್ಞಾನಿಯ ಹೆಸರನ್ನು ಅದೇ ಮೊಗಸಾಲೆಯಲ್ಲಿ ನಿಂತು ಮಕ್ಕಳಿಗೆ ಹೇಳುವಾಗ ನಮ್ಮ ಎದೆ ಉಬ್ಬಿತ್ತು.

ಹತ್ತು ಹತ್ತು ಮಕ್ಕಳನ್ನು ಎದುರಿನ ಬದಿಗೆ ಕಳುಹಿಸಿದೆವು. “ಗ್ವಾಡಿಗೆ ಕಿವಿ ಹಚ್ಚ್ರಿ. ನಾನು ಯಾರ ಹೆಸರು ಕರೀತೀನಿ, ಅವರು ಕೈ ಎತ್ತಬೇಕು” ಎಂದೆವು. ಒಬ್ಬೊಬ್ಬರ ಹೆಸರನ್ನು ಪಿಸುನುಡಿದಂತೆ ಆಚೆಬದಿಯಲ್ಲಿ ಕೈಗಳು ನಗುನಗುತ್ತ ಏಳತೊಡಗಿದವು. ಆ ಹುಡುಗನ ಹೆಸರನ್ನು ಕರೆದೆವು. ಕೈ ಏಳಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಅವನು ಅಕ್ಕಪಕ್ಕದವರ ಮುಖ ನೋಡಿ, ಅವರು ಸನ್ನೆ ಮಾಡಿದ ಮೇಲೆ ಅಳುಕುತ್ತ ಕೈ ಎತ್ತಿದನು. ಉಳಿದವರೆಲ್ಲ ನಕ್ಕರು. ಆ ನಗು ಗುಮ್ಮಟದ ತುಂಬ ಸುತ್ತಿ ಸುತ್ತಿ ಮರಳಿತು. ತರಗತಿಯಲ್ಲಿಯೂ ಅವನದು ಇದೇ ರೀತಿ ಎಂದು ನಮಗೆ ಮೊದಲೇ ಅಸಮಾಧಾನವಿತ್ತು. ಒಂದು ಕೇಳಿದರೆ ಇನ್ನೊಂದು ಹೇಳುವನು, ಪಕ್ಕದವನ ವಹಿ ನೋಡಿ ಬರೆಯುವನು, ಪಾಠ ಹೇಳುವಾಗ ನಮ್ಮ ಬಾಯನ್ನೇ ದಿಟ್ಟಿಸುವನು. ಅದನ್ನು ನಾವು ಉದ್ಧಟತನವೆಂದು ಭಾವಿಸಿದ್ದೆವು. ಆ ದಿನ ಮೊಗಸಾಲೆಯನ್ನು ಸುತ್ತುಹಾಕಿ ಅವನ ಬಳಿಗೆ ಹೋಗಿ ಎಲ್ಲರೆದುರಿಗೆ ಅವನ ಕೆನ್ನೆಗೆ ಹೊಡೆದೆವು. ಅವನು ಅಳಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ಊರಿಗೆ ಮರಳುವತನಕ ಬಸ್ಸಿನ ಕಿಟಕಿಯ ಬಳಿ ಸುಮ್ಮನೆ ಕುಳಿತಿದ್ದನು.

ಒಂದು ವಾರದ ಮೇಲೆ ಶ್ರುತಿಕವೆಯ ಪ್ರಯೋಗ. ಸೆಕೆಂಡಿಗೆ 512 ಬಾರಿ ಕಂಪಿಸುವ ಉಕ್ಕಿನ ಕವೆಯನ್ನು ರಬ್ಬರಿನ ಮೇಲೆ ಬಡಿದು ಅದರ ಕೊಂಬುಗಳನ್ನು ನೀರಿಗೆ ತಾಗಿಸಿದರೆ ತುಂತುರು ಚಿಮ್ಮುತ್ತದೆ. ಕಿವಿಯ ಬಳಿ ಹಿಡಿದರೆ ಸಣ್ಣ ನಾದ ಕೇಳುತ್ತದೆ. ಕವೆ ಕೈಯಿಂದ ಕೈಗೆ ಹೋಗುತ್ತ ಆ ಹುಡುಗನ ಬಳಿಗೆ ಬಂದಿತು. ಅವನು ಕಿವಿಯ ಬಳಿ ಹಿಡಿದು ತಲೆ ಅಲ್ಲಾಡಿಸಿದನು. ಪಕ್ಕದ ತುಂಟನೊಬ್ಬ ಕವೆಯ ಹಿಡಿಕೆಯನ್ನು ಇವನ ಕಿವಿಯ ಹಿಂದಿನ ಎಲುಬಿಗೆ ಒತ್ತಿಬಿಟ್ಟನು. ಹುಡುಗ ಬೆಚ್ಚಿ ಎದ್ದು ನಿಂತನು. “ಸರ, ಕೇಳ್ತೈತ್ರೀ! ತಲಿಯೊಳಗ ಗುಂಯ್ ಅನ್ನಾಕತ್ತೈತ್ರೀ!” ಎಂದು ಕೂಗಿದನು. ಅವನು ತಾನಾಗಿ ತರಗತಿಯಲ್ಲಿ ಮಾತನಾಡಿದ್ದು ಅದೇ ಮೊದಲು.

ನಾವೇ ಕವೆಯನ್ನು ಬಡಿದು ಮತ್ತೆ ಪರೀಕ್ಷಿಸಿದೆವು. ಕಿವಿಯ ಮುಂದೆ ಹಿಡಿದರೆ ಇಲ್ಲ, ಎಲುಬಿಗೆ ಹಚ್ಚಿದರೆ ಉಂಟು. ಎರಡೂ ಕಿವಿಗಳದು ಒಂದೇ ಉತ್ತರ. ಆಗ ಎಂದೋ ಪುಸ್ತಕದಲ್ಲಿ ಓದಿದ್ದು ನೆನಪಾಯಿತು. ಇದು ಜರ್ಮನಿಯ ವೈದ್ಯ ರಿನ್ನೆ 1855ರಲ್ಲಿ ವಿವರಿಸಿದ ಪರೀಕ್ಷೆ. ಇಂದಿಗೂ ಕಿವಿಯ ವೈದ್ಯರು ಇದನ್ನು ಮಾಡುವರು. ನಮ್ಮ ಕೈಯ ಕವೆ ಒಮ್ಮೆಲೇ ಭಾರವಾದಂತೆ ಅನಿಸಿತು.

ಕಿವಿಯ ರಚನೆಯನ್ನು ತಿಳಿದರೆ ಇದರ ಅರ್ಥವಾಗುತ್ತದೆ. ಗಾಳಿಯ ಅಲೆಯು ಕಿವಿಯ ನಾಳದೊಳಗೆ ಬಂದು ತೆಳುವಾದ ಕಿವಿತಮಟೆಯನ್ನು ಬಡಿಯುತ್ತದೆ. ತಮಟೆಯ ಹಿಂದೆ ಮೂರು ಪುಟ್ಟ ಎಲುಬುಗಳಿವೆ: ಸುತ್ತಿಗೆ, ಅಡಿಗಲ್ಲು ಮತ್ತು ರಿಕಾಪು. ದೇಹದ ಎಲುಬುಗಳಲ್ಲೆಲ್ಲ ಚಿಕ್ಕದಾದ ಈ ರಿಕಾಪಿನ ಉದ್ದ ಸುಮಾರು 3 ಮಿಲಿಮೀಟರ್. ಅಗಲವಾದ ತಮಟೆಯ ಮೇಲೆ ಬಿದ್ದ ಒತ್ತಡವನ್ನು ಈ ಎಲುಬುಗಳು ಕಿರಿದಾದ ಒಂದು ಕಿಂಡಿಗೆ ಮುಟ್ಟಿಸುವುದರಿಂದ ಅದು ಸುಮಾರು ಇಪ್ಪತ್ತು ಪಟ್ಟು ಹೆಚ್ಚುತ್ತದೆ. ಕಿಂಡಿಯ ಆಚೆ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ, ದ್ರವ ತುಂಬಿದ ಕಾಕ್ಲಿಯ ಎಂಬ ಅಂಗವಿದೆ. ಅಲ್ಲಿಯೂ ಒಂದು ಅಲೆ ಎದ್ದು ಸುರುಳಿಗುಂಟ ಸಾಗುವುದನ್ನು ತೋರಿಸಿದ ಬೆಕೆಶಿ ಎಂಬ ವಿಜ್ಞಾನಿಗೆ 1961ರ ನೊಬೆಲ್ ಪಾರಿತೋಷಕ ದೊರೆಯಿತು. ಅದರೊಳಗಿನ ಸುಮಾರು ಹದಿನೈದು ಸಾವಿರ ರೋಮಕೋಶಗಳು ಆ ಅಲೆಗೆ ಬಾಗಿ ನರದ ಮೂಲಕ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ.

ಆ ಹುಡುಗನಲ್ಲಿ ಕಾಕ್ಲಿಯ ನೆಟ್ಟಗಿತ್ತು, ತಮಟೆ ಹರಿದಿತ್ತು. ಗಾಳಿಯ ದಾರಿ ಕಟ್ಟಿಹೋಗಿದ್ದರೂ ಎಲುಬಿನ ದಾರಿ ತೆರೆದಿತ್ತು. ಬೆಂಚಿಗೆ ಕಿವಿ ಹಚ್ಚಿದಾಗ ಕಟ್ಟಿಗೆಯೇ ಮಾಧ್ಯಮವಾದಂತೆ ಇಲ್ಲಿ ತಲೆಯ ಎಲುಬು ಮಾಧ್ಯಮವಾಯಿತು. ಗಟ್ಟಿಯಾಗಿ ಆಡಿದ ಮಾತು ಅವನಿಗೆ ಮಸಕಾಗಿ ಕೇಳುತ್ತಿತ್ತು. ಉಳಿದುದನ್ನು ನಮ್ಮ ತುಟಿಗಳ ಚಲನೆಯಿಂದ ಊಹಿಸುತ್ತಿದ್ದನು. ಗೋಲಗುಮ್ಮಟದ ಪಿಸುಮಾತಿಗೆ ನೋಡಲು ತುಟಿಯೂ ಇರಲಿಲ್ಲ.

ಅಂದು ಸಂಜೆಯೇ ಅವನ ಮನೆಗೆ ಹೋದೆವು. “ಸಣ್ಣಂವ ಇದ್ದಾಗಿಂದ ಕಿವಿ ಸೋರ್ತಾವ್ರಿ ಸರ. ಬಳ್ಳೊಳ್ಳಿ ಎಣ್ಣಿ ಹಾಕ್ಕೋತ ಬಂದೀವ್ರಿ” ಎಂದಳು ತಾಯಿ. ಮಗ ಕೇಳಿಸಿಕೊಳ್ಳನೆಂಬುದು ಅವಳಿಗೆ ಗೊತ್ತಿತ್ತು. ಶಾಲೆಯಲ್ಲಿ ಹೇಳಿದರೆ ಹೆಸರು ತೆಗೆದುಹಾಕುವರೆಂಬ ಅಂಜಿಕೆಯಿಂದ ಸುಮ್ಮನಿದ್ದಳು. ನಾವೇ ಅವರನ್ನು ಕರೆದುಕೊಂಡು ಪಟ್ಟಣದ ಕಿವಿಯ ವೈದ್ಯರಲ್ಲಿಗೆ ಹೋದೆವು. ಎರಡೂ ತಮಟೆಗಳಲ್ಲಿ ತೂತು ಇತ್ತು. ಮೊದಲು ಕೀವು ನಿಲ್ಲಿಸಲು ಔಷಧ, ವರ್ಷದ ಬಳಿಕ ಶಸ್ತ್ರಚಿಕಿತ್ಸೆ. ಕಿವಿಯ ಮೇಲ್ಭಾಗದ ಸ್ನಾಯುವಿನ ಹೊದಿಕೆಯ ಚೂರನ್ನು ತೆಗೆದು ತಮಟೆಗೆ ತೇಪೆ ಹಚ್ಚಿದರು. ಬಲಗಿವಿ ಚೆನ್ನಾಗಿ ಕೂಡಿಬಂತು, ಎಡಗಿವಿಗೆ ಅಷ್ಟು ಫಲವಾಗಲಿಲ್ಲ. ಶಾಲೆಗೆ ಮರಳಿದ ದಿನ ಅವನು ಮೊದಲ ಬೆಂಚಿನಲ್ಲಿ ಕುಳಿತಿದ್ದನು. ಪಾಠ ಮುಗಿದ ಮೇಲೆ ಬಳಿಗೆ ಬಂದು, “ಬೋರ್ಡಿನ ಮ್ಯಾಲ ಖಡು ಸಪ್ಪಳ ಮಾಡತೈತಿ ಅಂತ ನನಗ ಗೊತ್ತ ಇರಲಿಲ್ರೀ ಸರ” ಎಂದನು.

ಆ ಮಾತಿಗೆ ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಗುರುವಾದವನು ಶಿಷ್ಯನ ಕ್ಷಮೆ ಕೇಳುವ ರೂಢಿ ಆ ಕಾಲದಲ್ಲಿ ಇರಲಿಲ್ಲವೆಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಹಲವು ವರ್ಷಗಳ ಮೇಲೆ ಒಂದು ಮದುವೆಯಲ್ಲಿ ಭೆಟ್ಟಿಯಾದಾಗ ಆತನೇ ಬಂದು ಪಾದ ಮುಟ್ಟಿದನು. ಮಾತಿಗೆ ಮಾತು ಬಂದು ಗೋಲಗುಮ್ಮಟದ ಸುದ್ದಿ ಎದ್ದಿತು. “ಆಪರೇಶನ್ ಆದ ಮ್ಯಾಲ ಒಬ್ಬನೇ ಹೋಗಿದ್ನಿರೀ ಸರ. ಅದs ಜಾಗಾದಾಗ ನಿಂತು ಗ್ವಾಡಿಗೆ ಕಿವಿ ಹಚ್ಚಿದೆ. ಆ ಕಡೆ ಯಾರೋ ಪರಊರಿನವರು ಮಾತಾಡಾಕತ್ತಿದ್ರು. ಕೇಳಿಸ್ತರೀ” ಎಂದು ನಕ್ಕನು. ಹೊಡೆದ ಮಾತನ್ನು ಅವನು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಅಂದು ಬಾಯಿಗೆ ಬಾರದಿದ್ದ ಕ್ಷಮೆಯ ಮಾತನ್ನು ಇಂದು ಇಲ್ಲಿ ಬರೆಯುತ್ತಿದ್ದೇವೆ. ಅವನ ಮನೆಗೂ ಈ ಪತ್ರಿಕೆ ಹೋಗುತ್ತಿದ್ದರೆ ಓದಿಯಾನು.

ಈ ಅನುಭವದಿಂದ ತಾಯಂದಿರಿಗೆ ಹೇಳಬೇಕಾದುದು ಒಂದಿದೆ. ಸೋರುವ ಕಿವಿಗೆ ಎಣ್ಣೆ ಹಾಕಬಾರದು, ಬೆಂಕಿಕಡ್ಡಿ, ಪಿನ್ನು ತೂರಿಸಬಾರದು, ನೀರು ಹೋಗದಂತೆ ಕಾಯ್ದು ವೈದ್ಯರಿಗೆ ತೋರಿಸಬೇಕು. ಮಕ್ಕಳು ದಡ್ಡರು, ಹಟಮಾರಿಗಳು ಎಂದು ತೀರ್ಮಾನಿಸುವ ಮೊದಲು ಅವರಿಗೆ ಕೇಳಿಸುತ್ತದೆಯೇ ಎಂದು ಪರೀಕ್ಷಿಸಬೇಕು. ತರುಣರಿಗೂ ಒಂದು ಮಾತು. ಸಪ್ಪಳದ ಮಾನವಾದ ಡೆಸಿಬೆಲ್ ಹತ್ತು ಏರಿದರೆ ಅದು ಹೊತ್ತು ತರುವ ಶಕ್ತಿ ಹತ್ತು ಪಟ್ಟು ಏರುತ್ತದೆ. 85 ಡೆಸಿಬೆಲ್ಲಿನ ಸಪ್ಪಳದಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದೆಂದೂ, ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಆ ಅವಧಿಯನ್ನು ಅರ್ಧಕ್ಕೆ ಇಳಿಸಬೇಕೆಂದೂ ತಜ್ಞರು ಹೇಳುವರು. ಮೆರವಣಿಗೆಯ ಡಿ.ಜೆ. ಪೆಟ್ಟಿಗೆಗಳ ಎದುರು ಕುಣಿಯುವವರು, ಇಡೀ ದಿನ ಕಿವಿಯೊಳಗೆ ಹಾಡು ತುಂಬಿಕೊಳ್ಳುವವರು ಇದನ್ನು ಗಮನಿಸಬೇಕು. ಹರಿದ ತಮಟೆಗೆ ತೇಪೆಯುಂಟು. ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ನಮ್ಮ ಈಗಿನ ತೊಂದರೆ ಈ ಎರಡನೆಯ ಬಗೆಯದು. ಕಾಕ್ಲಿಯದ ಬಾಗಿಲ ಬಳಿಯ ಕೋಶಗಳು ಮೇಲಿನ ಆವೃತ್ತಿಗಳನ್ನು, ಸುರುಳಿಯ ತುದಿಯವು ಕೆಳಗಿನವನ್ನು ಕೇಳುತ್ತವೆ. ವಯಸ್ಸಾದಂತೆ ಬಾಗಿಲ ಬಳಿಯವು ಮೊದಲು ಸವೆಯುತ್ತವೆ. ಆದುದರಿಂದ ಮಾತಿನ ಸ್ವರ ಉಳಿದು ವ್ಯಂಜನ ಜಾರಿಹೋಗುತ್ತದೆ. ಮೊನ್ನೆ ಊಟಕ್ಕೆ ಕುಳಿತಾಗ ಸೊಸೆ, “ಮಾವಾರ, ಸಾರು ಬೇಕೇನ್ರೀ?” ಎಂದಳು. “ಇನ್ನೂ ಆರು ಎಲ್ಲಿ ಆಗೇದವ್ವಾ, ಎರಡೂವರಿ” ಎಂದು ಉತ್ತರಿಸಿದೆವು. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಮಗೂ ನಗು ಬಂತು, ಜೊತೆಗೇ ಗುಮ್ಮಟದಲ್ಲಿ ಸುತ್ತಿದ ಆ ಹಳೆಯ ನಗುವೂ ನೆನಪಾಯಿತು.

ಮೊಮ್ಮಗಳ ಪ್ರಶ್ನೆಗೆ ಉತ್ತರ ಇಷ್ಟು. ಅವಳು ಬಾರಿಸಿದ ಗಂಟೆಯ ನಾದ ಎಲ್ಲಿಯೂ ದಾರಿತಪ್ಪಲಿಲ್ಲ. ಅದು ಕದಂಬದಂತೆ ಸುತ್ತಲೂ ಅರಳಿ, ಗೋಡೆಗೆ ಬಡಿದು ಮರಳಿ, ಬಟ್ಟೆಬರೆಯಲ್ಲಿ ಹೊಕ್ಕು ಕಾಣದಷ್ಟು ಸ್ವಲ್ಪ ಶಾಖವಾಗಿ ಮುಗಿಯಿತು. ಅದರದೊಂದು ಪಾಲು ನಮ್ಮ ತಮಟೆಯನ್ನೂ ತಟ್ಟಿ ಮೂರು ಎಲುಬುಗಳನ್ನೂ ದಾಟಿತು. ಒಳಗೆ ಅದನ್ನು ಬರಮಾಡಿಕೊಳ್ಳುವವರು ಇರಲಿಲ್ಲ.

ಇದನ್ನೆಲ್ಲ ಅವಳಿಗೆ ವಿವರಿಸಿದ ಮರುದಿನ ಹುಡುಗಿ ಅಟ್ಟದ ಮೇಲಿನ ಪೆಟ್ಟಿಗೆಯನ್ನು ತಡಕಾಡುತ್ತಿದ್ದಳು. ನಮ್ಮ ತಾಯಿಯವರ ಕಾಲದ ದೊಡ್ಡ ಕಂಚಿನ ಗಂಟೆಯೊಂದನ್ನು ಹೊರತೆಗೆದು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದಳು. “ಸಣ್ಣ ಗಂಟಿದು ಆವೃತ್ತಿ ಭಾಳ ಅಜ್ಜಾ, ಇದರದು ಕಡಿಮಿ ಇರಬೇಕು. ಇದು ನಿಮಗ ಕೇಳಬೇಕು” ಎಂದಳು. ಅವಳಿಗೆ ಅದನ್ನು ನಾವು ಹೇಳಿಕೊಟ್ಟಿರಲಿಲ್ಲ. ಸಂಜೆ ಪೂಜೆಯ ಹೊತ್ತಿಗೆ ನಾವು ಕಣ್ಣುಮುಚ್ಚಿ ಕುಳಿತಿದ್ದಾಗ ಹಿಂದಿನಿಂದ ಅದನ್ನು ಬಾರಿಸಿದಳು. ತುಂಬಿದ, ನಿಧಾನವಾದ ಒಂದು ನಾದ ಕೋಣೆಯೊಳಗೆ ಎದ್ದು ಬಹಳ ಹೊತ್ತು ನಿಂತಿತು.

“ಕೇಳ್ತೇನಜ್ಜಾ?” ಎಂದಳು.

ನಾವು ಕೈ ಎತ್ತಿದೆವು.